ಶಾಸಕರ ಅಧಿವೇಶನ ಪತ್ರ ಬರೆಯುವ ಕ್ರಮ: ವಿಧೇಯಕದಿಂದ ಹಳ್ಳದ ಸೇತುವೆಯವರೆಗೆ

ಅಧಿವೇಶನ ಮುಗಿದ ವಾರದಲ್ಲಿ ಶಾಸಕರ ಕಚೇರಿಯಿಂದ ಕ್ಷೇತ್ರದ ಜನರಿಗೆ ಕರಪತ್ರವೊಂದು, ಅಂದರೆ ಅಧಿವೇಶನ ಪತ್ರ, ಹೊರಡುತ್ತದೆ. ಮುಖಪುಟದ ಮುಕ್ಕಾಲು ಭಾಗ ಭಾವಚಿತ್ರ, ಉಳಿದ ಕಾಲು ಭಾಗದಲ್ಲಿ "ಮಂಜೂರಾಗಿದೆ", "ಅಂಗೀಕಾರವಾಗಿದೆ", "ಸರ್ಕಾರದ ಗಮನ ಸೆಳೆಯಲಾಗಿದೆ" ಎಂಬ ಸಾಲುಗಳು. ಮರುದಿನ ಬೆಳಿಗ್ಗೆ ನಾಲ್ಕು ಜನ ಅದೇ ಹಾಳೆಯನ್ನು ಮಡಚಿ ಜೇಬಿನಲ್ಲಿಟ್ಟುಕೊಂಡು ಬರುತ್ತಾರೆ. "ಮಂಜೂರಾಗಿದೆ ಎಂದು ಹಾಕಿದ್ದೀರಿ, ಕೆಲಸ ಎಂದಿಗೆ ಶುರು?" ಹಾಕಿದವರಿಗೇ ಉತ್ತರ ಗೊತ್ತಿರುವುದಿಲ್ಲ.

ನಾನು ಕೆಲವು ವರ್ಷ ಒಬ್ಬ ಶಾಸಕರ ಕಚೇರಿಯಲ್ಲಿ ಪತ್ರವ್ಯವಹಾರ ನೋಡಿಕೊಂಡವನು. ಈಗಲೂ ಬೇರೆ ಬೇರೆ ತಾಲ್ಲೂಕುಗಳ ಆಪ್ತ ಸಹಾಯಕರು ಕರಡು ಕಳುಹಿಸಿ "ಒಮ್ಮೆ ನೋಡಿಕೊಡಿ" ಎನ್ನುತ್ತಾರೆ. ಕರಡುಗಳ ಭಾಷೆ ಚೆನ್ನಾಗಿಯೇ ಇರುತ್ತದೆ. ಎಡವುವುದು ಕ್ರಿಯಾಪದದಲ್ಲಿ. ಆಗಿರುವುದು, ಆಗುತ್ತಿರುವುದು, ಆಗಬಹುದಾದದ್ದು ಮೂರಕ್ಕೂ "ಆಗಿದೆ" ಎಂದೇ ಬರೆದಿರುತ್ತಾರೆ. ಈ ಮಾರ್ಗದರ್ಶಿಯ ಬಹುಪಾಲು ಆ ಒಂದು ರೋಗಕ್ಕೇ ಮದ್ದು.

ಮೇಜಿನ ಮೇಲೆ ಮೊದಲು ಇರಬೇಕಾದವು

ಬರೆಯಲು ಕೂರುವ ಮೊದಲು ಈ ಕಾಗದಗಳು ಕೈಯಲ್ಲಿರಲಿ. ಒಂದಿಲ್ಲದಿದ್ದರೂ ಆ ಭಾಗವನ್ನು ನೆನಪಿನಿಂದ ಬರೆಯುತ್ತೀರಿ, ನೆನಪು ಕೈಕೊಡುತ್ತದೆ.

- ಅಧಿವೇಶನದ ಪ್ರತಿ ದಿನದ ಕಾರ್ಯಕಲಾಪ ಪಟ್ಟಿ ಮತ್ತು ವಿಧಾನಸಭೆ ಸಚಿವಾಲಯ ಹೊರಡಿಸುವ ಲಘು ಪ್ರಕಟಣೆಗಳು.
- ನಮ್ಮ ಶಾಸಕರ ಪ್ರಶ್ನೆಗಳಿಗೆ ಬಂದ ಉತ್ತರಗಳ ಪ್ರತಿ, ಅನುಬಂಧಗಳ ಸಮೇತ.
- ಕ್ಷೇತ್ರಕ್ಕೆ ತಾಗುವ ವಿಧೇಯಕಗಳ ಪೂರ್ಣ ಪ್ರತಿ. ಪತ್ರಿಕೆಯ ತುಣುಕು ಸಾಲದು.
- ಕಳೆದ ತಾಲ್ಲೂಕು ಮಟ್ಟದ ಕೆಡಿಪಿ (ಕರ್ನಾಟಕ ಅಭಿವೃದ್ಧಿ ಕಾರ್ಯಕ್ರಮ) ಸಭೆಯ ನಡಾವಳಿ ಮತ್ತು ಅಧಿಕಾರಿಗಳು ಕೊಟ್ಟ ಅನುಪಾಲನಾ ವರದಿ.
- ಲೋಕೋಪಯೋಗಿ, ಪಂಚಾಯತ್ ರಾಜ್ ಇಂಜಿನಿಯರಿಂಗ್, ಸಣ್ಣ ನೀರಾವರಿ ಮತ್ತು ವಿದ್ಯುತ್ ಸರಬರಾಜು ಕಂಪನಿಯ ಕಚೇರಿಗಳಿಂದ ದಿನಾಂಕ ನಮೂದಿಸಿದ ಕಾಮಗಾರಿ ಪಟ್ಟಿ.
- ಕಚೇರಿಯ ಅರ್ಜಿ ವಹಿ.
- ನಿಮ್ಮದೇ ಹಿಂದಿನ ಪತ್ರ.

ಕೊನೆಯದನ್ನು ಯಾರೂ ತೆಗೆದು ನೋಡುವುದಿಲ್ಲ. ಓದುಗರ ಮನೆಯಲ್ಲಿ ಮಾತ್ರ ಅದು ಇರುತ್ತದೆ.

ಹಂತ 1: ಅರ್ಜಿ ವಹಿಯಿಂದ ಆರಂಭಿಸಿ

ಎಲ್ಲರೂ ಸದನದಿಂದ ಆರಂಭಿಸುತ್ತಾರೆ. ಶಾಸಕರು ಎಷ್ಟು ದಿನ ಹಾಜರಿದ್ದರು, ಎಷ್ಟು ಹೊತ್ತು ಮಾತನಾಡಿದರು ಎಂಬುದರಿಂದ ಪತ್ರ ತೊಡಗುತ್ತದೆ. ಓದುಗ ಮೊದಲ ಮಡಿಕೆಯಲ್ಲೇ ಬಿಟ್ಟುಬಿಡುತ್ತಾನೆ.

ವಹಿ ತೆರೆದು ಕಳೆದ ಮೂರು ತಿಂಗಳ ಅರ್ಜಿಗಳನ್ನು ವಿಷಯವಾರು ಎಣಿಸಿ. ಪಹಣಿ ತಿದ್ದುಪಡಿ, ಪೋಡಿ (ಜಮೀನು ಅಳೆದು ಪಾಲು ಬೇರ್ಪಡಿಸುವುದು), ಬಗರ್‌ಹುಕುಂ ಸಾಗುವಳಿ ಚೀಟಿ (ಸರ್ಕಾರಿ ಜಮೀನಿನಲ್ಲಿ ಅನುಮತಿಯಿಲ್ಲದೆ ಮಾಡುತ್ತಿದ್ದ ಸಾಗುವಳಿಯನ್ನು ಸಕ್ರಮಗೊಳಿಸುವ ಕಾಗದ), ಸುಟ್ಟುಹೋದ ವಿದ್ಯುತ್ ಪರಿವರ್ತಕ, ನಿಂತುಹೋದ ಬಸ್, ನೀರು ಬಾರದ ನಲ್ಲಿ: ನಿಮ್ಮ ಕ್ಷೇತ್ರದ ಪಟ್ಟಿ ನಿಮ್ಮದೇ ಆಗಿರುತ್ತದೆ. ಹೆಚ್ಚು ಜನ ಕೇಳಿದ ಐದು ವಿಷಯಗಳನ್ನು ಆರಿಸಿ. ಪತ್ರದ ಬೆನ್ನೆಲುಬು ಅವೇ. ಸದನದಲ್ಲಿ ನಡೆದದ್ದನ್ನು ಆಯಾ ವಿಷಯದ ಕೆಳಗೆ ಜೋಡಿಸಬೇಕು.

ಇಲ್ಲಿ ಒಂದು ಎಚ್ಚರಿಕೆ. ಕಚೇರಿಗೆ ಬಾರದವರ ಸಮಸ್ಯೆ ವಹಿಯಲ್ಲಿ ಇರುವುದಿಲ್ಲ. ತಾಲ್ಲೂಕು ಕೇಂದ್ರಕ್ಕೆ ಎರಡು ಬಸ್ ಬದಲಿಸಿ ಬರಬೇಕಾದ ಹಳ್ಳಿಗಳ ವಿಷಯಕ್ಕೆ ಗ್ರಾಮ ಸಭೆಯ ನಡಾವಳಿಗಳನ್ನೂ ತರಿಸಿ ನೋಡಿ.

ಹಂತ 2: ವಿಧೇಯಕ ಯಾವ ಮೆಟ್ಟಿಲಲ್ಲಿದೆ ಎಂದು ಗುರುತಿಸಿ

ಅತಿ ಹೆಚ್ಚು ತಪ್ಪಾಗುವ ಜಾಗ ಇದು. ವಿಧೇಯಕವೊಂದು ಕಾನೂನಾಗುವ ದಾರಿಯಲ್ಲಿ ಎಂಟು ಮೆಟ್ಟಿಲುಗಳಿವೆ. ಪ್ರತಿ ಮೆಟ್ಟಿಲಿಗೂ ಅದರದೇ ಕ್ರಿಯಾಪದವಿದೆ, ಒಂದರದನ್ನು ಇನ್ನೊಂದಕ್ಕೆ ಬಳಸಬಾರದು.

1. ಸಚಿವ ಸಂಪುಟದ ಒಪ್ಪಿಗೆ. ಇದು ಸರ್ಕಾರದ ಒಳಗಿನ ತೀರ್ಮಾನ, ಸದನಕ್ಕೆ ಇನ್ನೂ ಬಂದಿಲ್ಲ. ಬರೆಯಬೇಕಾದದ್ದು: "ವಿಧೇಯಕ ತರಲು ಸಂಪುಟ ಒಪ್ಪಿದೆ." 2024ರ ಜುಲೈ ತಿಂಗಳನ್ನು ನೆನಪಿಸಿಕೊಳ್ಳಿ. ಖಾಸಗಿ ಉದ್ಯಮಗಳಲ್ಲಿ ಸ್ಥಳೀಯರಿಗೆ ಉದ್ಯೋಗ ಮೀಸಲಿಡುವ ವಿಧೇಯಕಕ್ಕೆ ಸಂಪುಟ ಒಪ್ಪಿಗೆ ಕೊಟ್ಟಿತು, ಎರಡು ಮೂರು ದಿನಗಳೊಳಗೆ ಸರ್ಕಾರವೇ ಅದನ್ನು ತಡೆಹಿಡಿಯಿತು. ಅಷ್ಟರಲ್ಲಿ "ಸ್ಥಳೀಯರಿಗೆ ಉದ್ಯೋಗ ಕಾನೂನು ಜಾರಿ" ಎಂದು ಅಭಿನಂದನಾ ಫಲಕ ಬರೆಸಿದವರ ಪಾಡು ಏನಾಗಿರಬೇಕು?

2. ಮಂಡನೆ. ಸಚಿವರು ಸದನದಲ್ಲಿ ವಿಧೇಯಕ ಮಂಡಿಸುತ್ತಾರೆ, ಅದಕ್ಕೊಂದು ಸಂಖ್ಯೆ ಸಿಗುತ್ತದೆ. ಆ ಸಂಖ್ಯೆಯನ್ನು ಪತ್ರದಲ್ಲಿ ಹಾಕಿ. ಹುಡುಕಿ ಓದುವವರು ಊರಿಗೊಬ್ಬರಾದರೂ ಇರುತ್ತಾರೆ, ಉಳಿದವರು ಅವರನ್ನೇ ಕೇಳುವುದು.

3. ಸಮಿತಿ. ಎಲ್ಲ ವಿಧೇಯಕಗಳೂ ಸಮಿತಿಗೆ ಹೋಗುವುದಿಲ್ಲ. ಹೋದರೆ ತಿಂಗಳುಗಟ್ಟಲೆ ಹಿಡಿಯಬಹುದು. ಗ್ರೇಟರ್ ಬೆಂಗಳೂರು ಆಡಳಿತ ವಿಧೇಯಕ 2024ರ ಜುಲೈನಲ್ಲಿ ಮಂಡನೆಯಾಗಿ ಜಂಟಿ ಸಮಿತಿಗೆ ಹೋಯಿತು, ಎರಡೂ ಸದನಗಳ ಅಂಗೀಕಾರ ಸಿಕ್ಕಿದ್ದು 2025ರ ಮಾರ್ಚ್‌ನಲ್ಲಿ. ಸಮಿತಿಯಲ್ಲಿರುವ ಅವಧಿಯೇ ಜನರ ಅಭಿಪ್ರಾಯ ಕಳುಹಿಸಲು ತಕ್ಕ ಕಾಲ. ಅಂಥ ವಿಧೇಯಕವಿದ್ದರೆ ಅಭಿಪ್ರಾಯ ಎಲ್ಲಿಗೆ, ಎಷ್ಟರೊಳಗೆ ಕಳುಹಿಸಬೇಕು ಎಂಬ ಸಾಲು ಪತ್ರದಲ್ಲಿ ಇರಲೇಬೇಕು.

4. ಒಂದು ಸದನದ ಅಂಗೀಕಾರ. ಕರ್ನಾಟಕಕ್ಕೆ ಎರಡು ಸದನಗಳಿವೆ: 224 ಸದಸ್ಯರ ವಿಧಾನಸಭೆ, 75 ಸದಸ್ಯರ ವಿಧಾನ ಪರಿಷತ್ತು. "ವಿಧಾನಸಭೆ ಅಂಗೀಕರಿಸಿದೆ" ಎಂದು ಬರೆದರೆ ಅದರ ಬೆನ್ನಿಗೇ "ಪರಿಷತ್ತಿನಲ್ಲಿ ಬಾಕಿ ಇದೆ" ಎಂದು ಸೇರಿಸಿ. 2024ರ ಫೆಬ್ರುವರಿಯಲ್ಲಿ ಹಿಂದೂ ಧಾರ್ಮಿಕ ಸಂಸ್ಥೆಗಳ ಹಾಗೂ ಧರ್ಮಾದಾಯ ದತ್ತಿಗಳ ತಿದ್ದುಪಡಿ ವಿಧೇಯಕಕ್ಕೆ ವಿಧಾನಸಭೆಯ ಒಪ್ಪಿಗೆ ಸಿಕ್ಕಿ ಎರಡೇ ದಿನಕ್ಕೆ ಪರಿಷತ್ತಿನಲ್ಲಿ ಸೋಲಾಯಿತು. ಅದನ್ನು ಮತ್ತೆ ಸದನಕ್ಕೆ ತರಬೇಕಾಯಿತು.

5. ಎರಡೂ ಸದನಗಳ ಅಂಗೀಕಾರ. ಹಣಕಾಸು ವಿಧೇಯಕವಾದರೆ ಪರಿಷತ್ತಿಗೆ 14 ದಿನ ಮಾತ್ರ. ಬೇರೆ ವಿಧೇಯಕವನ್ನು ಪರಿಷತ್ತು ಮೊದಲ ಸಲ ಮೂರು ತಿಂಗಳು, ವಿಧಾನಸಭೆ ಮತ್ತೆ ಅಂಗೀಕರಿಸಿ ಕಳುಹಿಸಿದರೆ ಇನ್ನೊಂದು ತಿಂಗಳು ತಡೆಯಬಹುದು. ಶಾಶ್ವತವಾಗಿ ತಡೆಯಲಾರದು.

6. ರಾಜ್ಯಪಾಲರ ಅಂಕಿತ. ಇಲ್ಲಿ ಮೂರು ದಾರಿಗಳಿವೆ: ಅಂಕಿತ ಹಾಕುವುದು, ತಡೆಹಿಡಿದು ಸದನಕ್ಕೆ ಹಿಂದಿರುಗಿಸುವುದು, ರಾಷ್ಟ್ರಪತಿಗಳ ಪರಿಶೀಲನೆಗೆ ಕಾದಿರಿಸುವುದು. ಹಣಕಾಸು ವಿಧೇಯಕವನ್ನು ಹಿಂದಿರುಗಿಸುವಂತಿಲ್ಲ. ಹಿಂದಿರುಗಿಸಿದ್ದನ್ನು ಸದನಗಳು ಮತ್ತೆ ಅಂಗೀಕರಿಸಿದರೆ ಅಂಕಿತ ನಿರಾಕರಿಸುವಂತಿಲ್ಲ. ಸಾರ್ವಜನಿಕ ಸಂಗ್ರಹಣೆಯಲ್ಲಿ ಪಾರದರ್ಶಕತೆ ಕಾಯ್ದೆಗೆ 2025ರಲ್ಲಿ ಅಂಗೀಕಾರವಾದ, ಗುತ್ತಿಗೆ ಮೀಸಲಾತಿಯ ತಿದ್ದುಪಡಿ ವಿಧೇಯಕ ಕೊನೆಯ ದಾರಿ ಹಿಡಿಯಿತು. "ಮುಂದಿನ ತಿಂಗಳು ಅಂಕಿತ ಬೀಳಲಿದೆ" ಎಂದು ಎಂದೂ ಬರೆಯಬೇಡಿ. ಸಂವಿಧಾನದ 200ನೇ ವಿಧಿಯಲ್ಲಿ ದಿನಗಳ ಲೆಕ್ಕವಿಲ್ಲ. ನ್ಯಾಯಾಲಯವೂ ಅಂಥ ಗಡುವು ಹಾಕಲಾಗದು ಎಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2025ರ ನವೆಂಬರ್‌ನಲ್ಲಿ ಅಭಿಪ್ರಾಯ ನೀಡಿದೆ.

7. ರಾಜ್ಯಪತ್ರದಲ್ಲಿ ಪ್ರಕಟಣೆ ಮತ್ತು ಜಾರಿ. ಇವೆರಡೂ ಒಂದೇ ದಿನ ಆಗಬೇಕೆಂದಿಲ್ಲ. ವಿಧೇಯಕದ ಮೊದಲ ಪ್ರಕರಣ (ಸೆಕ್ಷನ್) ಓದಿ. "ಈ ಕೂಡಲೇ ಜಾರಿಗೆ ಬರತಕ್ಕದ್ದು" ಎಂದಿದ್ದರೆ ಸರಿ. "ಸರ್ಕಾರ ಅಧಿಸೂಚನೆಯ ಮೂಲಕ ಗೊತ್ತುಪಡಿಸುವ ದಿನಾಂಕದಂದು" ಎಂದಿದ್ದರೆ ಆ ಅಧಿಸೂಚನೆ ಬರುವವರೆಗೆ ಕಾನೂನು ಪುಸ್ತಕದಲ್ಲಿ ಮಾತ್ರ ಇರುತ್ತದೆ. ಗ್ರೇಟರ್ ಬೆಂಗಳೂರು ಕಾಯ್ದೆಗೆ ಅಂಕಿತ ಬಿದ್ದದ್ದು 2025ರ ಏಪ್ರಿಲ್‌ನಲ್ಲಿ, ಜಾರಿಗೆ ಬಂದದ್ದು ಮೇ 15ರಂದು.

8. ನಿಯಮಗಳು. ಅರ್ಜಿ ನಮೂನೆ, ಶುಲ್ಕ, ಯಾವ ಅಧಿಕಾರಿಯ ಬಳಿ ಹೋಗಬೇಕು ಎಂಬುದೆಲ್ಲ ಸಾಮಾನ್ಯವಾಗಿ ಕಾಯ್ದೆಯಲ್ಲಿ ಇರುವುದಿಲ್ಲ, ಅದರಡಿ ರಚಿಸುವ ನಿಯಮಗಳಲ್ಲಿ ಇರುತ್ತದೆ. ನಿಯಮ ಬರುವ ಮೊದಲೇ "ಇಂದೇ ಅರ್ಜಿ ಸಲ್ಲಿಸಿ" ಎಂದು ಬರೆದರೆ ಜನ ತಹಶೀಲ್ದಾರರ ಕಚೇರಿಗೆ ಹೋಗಿ ಬರಿಗೈಯಲ್ಲಿ ಮರಳುತ್ತಾರೆ. ಬೈಗುಳ ನಿಮ್ಮ ಕಚೇರಿಯ ಪಾಲು.

ಸುಗ್ರೀವಾಜ್ಞೆ ಈ ಸಾಲಿನಿಂದ ಹೊರಗೆ ನಿಲ್ಲುತ್ತದೆ. ಹೊರಡಿಸಿದಾಗಿನಿಂದ ಅದಕ್ಕೆ ಕಾನೂನಿನ ಬಲವಿದೆ, ಆದರೆ ಸದನ ಮತ್ತೆ ಸೇರಿ ಆರು ವಾರ ಕಳೆಯುವುದರೊಳಗೆ ಅದರ ಜಾಗಕ್ಕೆ ಕಾಯ್ದೆ ಬರಬೇಕು, ಇಲ್ಲದಿದ್ದರೆ ಬಿದ್ದುಹೋಗುತ್ತದೆ. ಮೈಕ್ರೋ ಫೈನಾನ್ಸ್ ಕಿರುಕುಳ ತಡೆಯುವ ಸುಗ್ರೀವಾಜ್ಞೆಯನ್ನು 2025ರ ಫೆಬ್ರುವರಿಯಲ್ಲಿ ರಾಜ್ಯಪಾಲರು ಮೊದಲು ಹಿಂದಿರುಗಿಸಿ, ಕೆಲವೇ ದಿನಗಳಲ್ಲಿ ಅಂಕಿತ ಹಾಕಿದರು. ಆ ನಡುವಿನ ದಿನಗಳಲ್ಲಿ ಕರಪತ್ರ ಅಚ್ಚಾಗಿದ್ದರೆ ಅದು ಹೊರಡುವ ಹೊತ್ತಿಗೇ ಹಳತಾಗಿರುತ್ತಿತ್ತು. ಅಚ್ಚಿಗೆ ಕೊಡುವ ದಿನ ಬೆಳಿಗ್ಗೆ ಪ್ರತಿ ವಿಧೇಯಕದ ಸ್ಥಿತಿಯನ್ನು ಮತ್ತೊಮ್ಮೆ ನೋಡಿ ಎಂದು ಹೇಳುವುದು ಇದಕ್ಕಾಗಿ.

ಓದುಗರು ಪದೇ ಪದೇ ಕೇಳುವ ಇನ್ನೊಂದು ಪ್ರಶ್ನೆ: "ಅಧಿವೇಶನ ಮುಗಿಯಿತು, ವಿಧೇಯಕ ಸತ್ತಂತೆಯೇ?" ಇಲ್ಲ. ಅಧಿವೇಶನ ಮುಕ್ತಾಯಗೊಂಡರೂ ಬಾಕಿ ವಿಧೇಯಕ ಬದುಕಿರುತ್ತದೆ. ವಿಧಾನಸಭೆ ವಿಸರ್ಜನೆಯಾದಾಗ ಮಾತ್ರ ಅಲ್ಲಿ ಬಾಕಿ ಇರುವುದೂ, ಅಲ್ಲಿ ಅಂಗೀಕಾರವಾಗಿ ಪರಿಷತ್ತಿನಲ್ಲಿ ಬಾಕಿ ಇರುವುದೂ ರದ್ದಾಗುತ್ತವೆ.

ಹಂತ 3: ವಿಧೇಯಕವನ್ನು ಹಿಂದಿನಿಂದ ಓದಿ

ಮೊದಲ ಪುಟದಿಂದ ಓದಲು ಕುಳಿತರೆ "ಮೂಲ ಅಧಿನಿಯಮದ 7ನೇ ಪ್ರಕರಣದ (2)ನೇ ಉಪಪ್ರಕರಣದಲ್ಲಿನ ಪದಗಳ ಬದಲಿಗೆ" ಎಂಬಲ್ಲೇ ನಿದ್ದೆ ಬರುತ್ತದೆ. ಕೊನೆಯ ಪುಟಗಳಿಂದ ಆರಂಭಿಸಿ.

ಮೊದಲು "ಉದ್ದೇಶಗಳು ಮತ್ತು ಕಾರಣಗಳ ಹೇಳಿಕೆ". ಸರ್ಕಾರ ಇದನ್ನು ಏಕೆ ತರುತ್ತಿದೆ ಎಂಬುದು ಅಲ್ಲಿರುತ್ತದೆ. ಅದು ಸರ್ಕಾರದ ವಾದ ಎಂಬುದು ನೆನಪಿರಲಿ, ಅದನ್ನೇ ಪತ್ರಕ್ಕೆ ಇಳಿಸಿಬಿಡಬೇಡಿ. ಅದಾದ ಮೇಲೆ ಆರ್ಥಿಕ ಜ್ಞಾಪನ ಪತ್ರ. ಬೊಕ್ಕಸಕ್ಕೆ ಹೊಸ ಖರ್ಚಿದೆಯೇ ಇಲ್ಲವೇ ಎಂದು ಅಲ್ಲಿ ಹೇಳಿರಬೇಕು. ದೊಡ್ಡ ಭರವಸೆಯ ವಿಧೇಯಕದಲ್ಲಿ "ಯಾವುದೇ ಹೆಚ್ಚುವರಿ ವೆಚ್ಚವಿಲ್ಲ" ಎಂದು ಕಂಡರೆ ಅದು ಎಚ್ಚರಿಕೆಯ ಗಂಟೆ. ಹಾಗಾದರೆ ಆ ಭರವಸೆ ನಡೆಯುವುದು ಯಾರ ದುಡ್ಡಿನಲ್ಲಿ?

ಆಮೇಲೆ ನಿಯಮ ರಚನೆಯ ಅಧಿಕಾರವನ್ನು ಸರ್ಕಾರಕ್ಕೆ ಬಿಟ್ಟುಕೊಟ್ಟಿರುವ ಬಗ್ಗೆ ಇರುವ ಜ್ಞಾಪನ. ತಿದ್ದುಪಡಿ ವಿಧೇಯಕವಾದರೆ ಅನುಬಂಧದಲ್ಲಿ ಹಳೆಯ ಕಾಯ್ದೆಯ ಸಂಬಂಧಪಟ್ಟ ಭಾಗ ಅಚ್ಚಾಗಿರುತ್ತದೆ. ಅದನ್ನು ಎಡಕ್ಕೂ ಹೊಸ ಸಾಲನ್ನು ಬಲಕ್ಕೂ ಇಟ್ಟು ಓದಿದರೆ ಏನು ಬದಲಾಯಿತು ಎಂಬುದು ಹತ್ತು ನಿಮಿಷದಲ್ಲಿ ತಿಳಿಯುತ್ತದೆ. ಕೊನೆಗೆ ಪ್ರಕರಣಗಳು.

ಇಷ್ಟು ಓದಿ ಮೂರು ಸಾಲು ಬರೆಯಿರಿ: ಈಗ ಏನಿದೆ, ಏನು ಬದಲಾಗುತ್ತದೆ, ನಮ್ಮ ಕ್ಷೇತ್ರದಲ್ಲಿ ಯಾರಿಗೆ ತಾಗುತ್ತದೆ. ಮೂರನೆಯದಕ್ಕೆ ಉತ್ತರ ಸಿಗದಿದ್ದರೆ ಆ ವಿಧೇಯಕ ನಿಮ್ಮ ಪತ್ರಕ್ಕೆ ಬೇಡ. ಸದನದಲ್ಲಿ ಎಷ್ಟು ವಿಧೇಯಕ ಅಂಗೀಕಾರವಾದವು ಎಂಬ ಪಟ್ಟಿಯನ್ನು ಜನ ಓದುವುದಿಲ್ಲ, ಪಟ್ಟಿ ಮಾಡಿದವರೂ ಓದಿರುವುದಿಲ್ಲ.

ಶಾಸಕರ ನಿಲುವನ್ನು ಹೇಳುವಾಗ ಜಾಗ್ರತೆ. ನಮ್ಮಲ್ಲಿ ಬಹಳಷ್ಟು ವಿಧೇಯಕಗಳು ಧ್ವನಿಮತದಿಂದ ಅಂಗೀಕಾರವಾಗುತ್ತವೆ. ಮತ ವಿಭಜನೆ ನಡೆಯದಿದ್ದರೆ ಯಾರು ಯಾವ ಕಡೆ ಎಂಬ ದಾಖಲೆಯೇ ಇರುವುದಿಲ್ಲ. "ವಿರೋಧಿಸಿ ಮತ ಚಲಾಯಿಸಿದರು" ಎಂದು ಬರೆದು ಆಧಾರ ಕೇಳಿದಾಗ ತಡಬಡಾಯಿಸುವ ಬದಲು "ಚರ್ಚೆಯಲ್ಲಿ ಈ ಕಾರಣಕ್ಕೆ ವಿರೋಧಿಸಿದರು" ಎಂದು ದಿನಾಂಕದೊಂದಿಗೆ ಬರೆಯಿರಿ. ಮಾತನಾಡಿಲ್ಲವೇ? ಹಾಗಾದರೆ ಬರೆಯಬೇಡಿ.

ಹಂತ 4: ಸದನದ ಉತ್ತರಗಳನ್ನು ತೂಗಿ ನೋಡಿ

ಶಾಸಕರು ಊರಿನ ವಿಷಯ ಎತ್ತಲು ಹಲವು ದಾರಿಗಳಿವೆ. ಚುಕ್ಕೆ ಗುರುತಿನ ಪ್ರಶ್ನೆಗೆ ಸಚಿವರು ಸದನದಲ್ಲೇ ಉತ್ತರಿಸುತ್ತಾರೆ, ಉಪಪ್ರಶ್ನೆಗೆ ಅವಕಾಶವಿದೆ. ಚುಕ್ಕೆ ಗುರುತಿಲ್ಲದ ಪ್ರಶ್ನೆಗೆ ಲಿಖಿತ ಉತ್ತರ ಮಾತ್ರ. ನಿಯಮ 73ರಡಿ ಗಮನ ಸೆಳೆಯುವ ಸೂಚನೆ, ಶೂನ್ಯ ವೇಳೆಯ ಪ್ರಸ್ತಾಪ, ನಿಯಮ 69ರಡಿ ಚರ್ಚೆ ಬೇರೆ ಇವೆ. ಪತ್ರದಲ್ಲಿ ದಾರಿಯ ಹೆಸರು ಒಂದು ಪದದಲ್ಲಿ ಮುಗಿಯಲಿ. ಜನರಿಗೆ ಬೇಕಾದದ್ದು ಉತ್ತರ.

ಉತ್ತರಗಳ ಭಾಷೆಗೆ ಒಂದು ನಿಘಂಟು ಬೇಕು. ನಾನು ಇಟ್ಟುಕೊಂಡಿದ್ದ ನಿಘಂಟಿನಿಂದ ಕೆಲವು:

"ಪರಿಶೀಲನೆಯಲ್ಲಿದೆ" ಎಂದರೆ ಕಡತ ಒಂದು ಮೇಜಿನ ಮೇಲಿದೆ. ಯಾವ ಮೇಜು ಎಂದು ಕೇಳಿ ತಿಳಿಯುವವರೆಗೆ ಪತ್ರಕ್ಕೆ ಹಾಕಬೇಡಿ.

"ಅನುದಾನದ ಲಭ್ಯತೆಯನ್ನು ಆಧರಿಸಿ ಕ್ರಮ ವಹಿಸಲಾಗುವುದು" ಎಂದರೆ ಈ ವರ್ಷ ಹಣವಿಲ್ಲ. ಹಾಗೆಯೇ ಬರೆಯಿರಿ: "ಈ ವರ್ಷ ಹಣ ಒದಗಿಸುವ ಬಗ್ಗೆ ಸರ್ಕಾರ ಖಚಿತ ಉತ್ತರ ನೀಡಿಲ್ಲ."

"ಪ್ರಸ್ತಾವನೆ ಸ್ವೀಕೃತವಾಗಿರುವುದಿಲ್ಲ" ಎಂಬುದು ಎಲ್ಲಕ್ಕಿಂತ ಉಪಯುಕ್ತವಾದ ಉತ್ತರ. ತಾಲ್ಲೂಕಿನಿಂದಲೋ ಜಿಲ್ಲೆಯಿಂದಲೋ ಕಾಗದವೇ ಹೋಗಿಲ್ಲ. ಇಂಥದ್ದು ಕಂಡರೆ ಬರೆಯುವುದನ್ನು ನಿಲ್ಲಿಸಿ, ಫೋನ್ ಎತ್ತಿ, ಪ್ರಸ್ತಾವನೆ ಕಳುಹಿಸಿ, ಆಮೇಲೆ ಪತ್ರ ಮುಂದುವರಿಸಿ.

ಸಚಿವರು ಸದನದಲ್ಲಿ "ಮಾಡಿಕೊಡುತ್ತೇವೆ" ಎಂದು ಸ್ಪಷ್ಟವಾಗಿ ಹೇಳಿದ್ದರೆ ಅದು ಭರವಸೆ. ಅಂಥ ಭರವಸೆಗಳ ಬೆನ್ನು ಹತ್ತಲು ಸದನದಲ್ಲಿ ಸರ್ಕಾರಿ ಭರವಸೆಗಳ ಸಮಿತಿಯೇ ಇದೆ. ಭರವಸೆಯ ದಿನಾಂಕವನ್ನು ಪತ್ರದಲ್ಲಿ ಬರೆದಿಟ್ಟರೆ ಆರು ತಿಂಗಳ ನಂತರ ಅದು ನಿಮ್ಮ ಕೈಯಲ್ಲಿರುವ ಸಾಕ್ಷಿ. ಆಯವ್ಯಯ ಭಾಷಣದ ಘೋಷಣೆ ಇನ್ನೂ ಹಿಂದಿನ ಮೆಟ್ಟಿಲು. ಸರ್ಕಾರಿ ಆದೇಶ ಬಂದು ಅದರ ಸಂಖ್ಯೆ ಸಿಗುವವರೆಗೆ ಅದನ್ನು "ಘೋಷಣೆ" ಎಂದೇ ಕರೆಯಿರಿ.

ಹಂತ 5: ಕಾಮಗಾರಿಗಳ ಸ್ಥಿತಿ ಬರೆಯುವುದು

ನನ್ನ ಅತಿ ದೊಡ್ಡ ತಪ್ಪು ಆದದ್ದು ಇಲ್ಲೇ. ಹಳ್ಳವೊಂದರ ಸೇತುವೆಗೆ ಆಡಳಿತಾತ್ಮಕ ಅನುಮೋದನೆ ಬಂದಿತ್ತು. ಸಂಭ್ರಮದಲ್ಲಿ "ಸೇತುವೆ ಮಂಜೂರಾಗಿದೆ" ಎಂದು ಅಚ್ಚು ಹಾಕಿಸಿದೆ. ಆ ಊರಿನವರು ನಂಬಿದರು. ಮಳೆಗಾಲಕ್ಕೆ ಮೊದಲು ಪ್ರತಿವರ್ಷ ತಾವೇ ಚಂದಾ ಎತ್ತಿ ಹಾಕುತ್ತಿದ್ದ ಕಾಲುಸಂಕವನ್ನು ಆ ವರ್ಷ ಹಾಕಲಿಲ್ಲ. ಸೇತುವೆ ಬರುತ್ತದಲ್ಲ ಎಂದುಕೊಂಡರು. ಟೆಂಡರ್ ಕರೆಯುವಷ್ಟರಲ್ಲಿ ಮಳೆ ಹಿಡಿಯಿತು. ಶಾಲೆಯ ಮಕ್ಕಳು ಇಡೀ ಮಳೆಗಾಲ ಸುತ್ತುದಾರಿ ನಡೆದರು. ನನ್ನ ಒಂದು ಕ್ರಿಯಾಪದದ ಬೆಲೆ ಅದು.

ಕಾಮಗಾರಿಯ ಮೆಟ್ಟಿಲುಗಳು ಹೀಗಿವೆ: ಕ್ರಿಯಾ ಯೋಜನೆಯಲ್ಲಿ ಸೇರ್ಪಡೆ, ಅಂದಾಜು ಪಟ್ಟಿ, ಆಡಳಿತಾತ್ಮಕ ಅನುಮೋದನೆ, ತಾಂತ್ರಿಕ ಮಂಜೂರಾತಿ, ಟೆಂಡರ್, ಕಾರ್ಯಾದೇಶ, ಕೆಲಸದ ಆರಂಭ, ಅಳತೆ ಮತ್ತು ಬಿಲ್, ಪೂರ್ಣ. "ಮಂಜೂರು" ಎಂಬ ಒಂಟಿ ಪದವನ್ನು ಪತ್ರದಿಂದ ಹೊರಗಿಡಿ, ಯಾವ ಮಂಜೂರು ಎಂದು ಹೇಳಿ. ಗುದ್ದಲಿ ಪೂಜೆಯ ಚಿತ್ರ ಹಾಕುವ ಮೊದಲು ಕಾರ್ಯಾದೇಶದ ಪ್ರತಿ ಕಣ್ಣಾರೆ ನೋಡಿ. ಕಾರ್ಯಾದೇಶವಿಲ್ಲದ ಗುದ್ದಲಿ ಪೂಜೆಯ ಕಲ್ಲುಗಳು ನಮ್ಮ ತಾಲ್ಲೂಕುಗಳಲ್ಲಿ ಬೇಕಾದಷ್ಟಿವೆ, ಮೇಲೆ ಬಳ್ಳಿ ಹಬ್ಬಿದೆ.

ಹೋಲಿಸಿ ನೋಡಿ.

ತಪ್ಪು: "ಶಾಸಕರ ಸತತ ಪ್ರಯತ್ನದಿಂದ ಹಳ್ಳದ ಸೇತುವೆ ಮಂಜೂರಾಗಿದೆ."

ಸರಿ: "ಹಳ್ಳದ ಸೇತುವೆಗೆ ಆಡಳಿತಾತ್ಮಕ ಅನುಮೋದನೆ ಸಿಕ್ಕಿದೆ. ಟೆಂಡರ್ ಇನ್ನೂ ಕರೆದಿಲ್ಲ, ಕರೆಯಬೇಕಾದದ್ದು ಲೋಕೋಪಯೋಗಿ ಇಲಾಖೆ. ಈ ಮಳೆಗಾಲದೊಳಗೆ ಸೇತುವೆ ಆಗುವುದಿಲ್ಲ. ದಯವಿಟ್ಟು ಕಾಲುಸಂಕದ ವ್ಯವಸ್ಥೆ ನಿಲ್ಲಿಸಬೇಡಿ. ಇದು ಈ ತಿಂಗಳ 12ರಂದು ಇಲಾಖೆ ಕೊಟ್ಟ ಮಾಹಿತಿ."

ಎರಡನೆಯದನ್ನು ಓದಿದ ಶಾಸಕರು ಮುಖ ಗಂಟಿಕ್ಕಬಹುದು. ಅವರಿಗೆ ಮಳೆಗಾಲದಲ್ಲಿ ಆ ಊರಿಗೆ ಹೋಗಬೇಕಾಗುತ್ತದೆ ಎಂಬುದನ್ನು ನೆನಪಿಸಿ.

ರಸ್ತೆಯ ವಿಷಯ ಬರೆಯುವಾಗ ಅದು ಯಾರ ರಸ್ತೆ ಎಂಬುದನ್ನು ಮೊದಲ ಸಾಲಿನಲ್ಲೇ ಹೇಳಿ. ರಾಷ್ಟ್ರೀಯ ಹೆದ್ದಾರಿಗೆ ಹಣ ಕೊಡುವುದು ಕೇಂದ್ರ. ರಾಜ್ಯ ಹೆದ್ದಾರಿ ಮತ್ತು ಜಿಲ್ಲಾ ಮುಖ್ಯ ರಸ್ತೆ ಲೋಕೋಪಯೋಗಿ ಇಲಾಖೆಯವು. ಗ್ರಾಮೀಣ ರಸ್ತೆ ಪಂಚಾಯತ್ ರಾಜ್ ಇಂಜಿನಿಯರಿಂಗ್ ವಿಭಾಗದ್ದು, ಪಟ್ಟಣದ ಒಳರಸ್ತೆ ಪುರಸಭೆಯದು. ಒಂದೇ ಊರಿನಲ್ಲಿ ನಾಲ್ಕೂ ಇರಬಹುದು. ಗುಂಡಿ ಬಿದ್ದಾಗ ಎಲ್ಲರೂ ಶಾಸಕರನ್ನೇ ಬೈಯುವುದು ಈ ಗೊಂದಲದಿಂದ.

ಶಾಸಕರ ಸ್ಥಳೀಯ ಪ್ರದೇಶಾಭಿವೃದ್ಧಿ ನಿಧಿಯ ಬಗ್ಗೆ ಒಂದು ಮಾತು. ವರ್ಷಕ್ಕೆ 2 ಕೋಟಿ ರೂಪಾಯಿಯ ಈ ನಿಧಿಯಲ್ಲಿ ಶಾಸಕರು ಕೆಲಸಗಳನ್ನು ಶಿಫಾರಸು ಮಾಡುತ್ತಾರೆ, ಮಂಜೂರು ಮಾಡುವುದು ಜಿಲ್ಲಾಧಿಕಾರಿ. "ಶಾಸಕರು ತಮ್ಮ ನಿಧಿಯಿಂದ ಕೊಟ್ಟರು" ಎಂದು ಬರೆದರೆ ಜೇಬಿನಿಂದ ಕೊಟ್ಟಂತೆ ಕೇಳುತ್ತದೆ. "ಶಿಫಾರಸು ಮಾಡಿದ್ದಾರೆ" ಎಂಬುದು ಸರಿಯಾದ ಮಾತು, ಸಾಕಷ್ಟು ಗೌರವದ ಮಾತೂ ಹೌದು. ವರ್ಷಕ್ಕೊಮ್ಮೆ ಆ 2 ಕೋಟಿ ಯಾವ ಊರಿಗೆ ಎಷ್ಟು ಹೋಯಿತು ಎಂಬ ಪೂರ್ಣ ಪಟ್ಟಿಯನ್ನು ಪತ್ರದೊಂದಿಗೆ ಸೇರಿಸಿ. ಒಂದು ಹೋಬಳಿಗೆ ಕಡಿಮೆ ಹೋಗಿದ್ದರೆ ಅದು ಕಾಣುತ್ತದೆ. ಕಾಣಲಿ.

ಹಂತ 6: ಬರೆಯುವುದು

ಎ4 ಅಳತೆಯ ಹಾಳೆಯ ಎರಡು ಮಗ್ಗುಲು, ಅದಕ್ಕಿಂತ ಹೆಚ್ಚಿಲ್ಲ. ಮೇಲೆ ದಿನಾಂಕ ಮತ್ತು "ಈ ಪತ್ರದ ಮಾಹಿತಿ ಇಂಥ ದಿನದವರೆಗಿನದು" ಎಂಬ ಸಾಲು. ಕೆಳಗೆ ಈ ಕ್ರಮ: ಹಿಂದಿನ ಪತ್ರದಲ್ಲಿ ಹೇಳಿದ್ದರಲ್ಲಿ ಆದದ್ದು ಮತ್ತು ಆಗದ್ದು, ಈ ಸಲದ ಐದು ಸ್ಥಳೀಯ ವಿಷಯಗಳು, ಎರಡು ಅಥವಾ ಮೂರು ವಿಧೇಯಕಗಳು, ಜನರಿಂದ ಬೇಕಾದ ಮಾಹಿತಿ, ಕಚೇರಿಯ ವೇಳೆ ಮತ್ತು ದೂರವಾಣಿ.

ಪ್ರತಿ ವಿಷಯಕ್ಕೂ ನಾಲ್ಕು ಪ್ರಶ್ನೆಗಳಿಗೆ ಉತ್ತರವಿರಬೇಕು. ಈಗ ಎಲ್ಲಿದೆ? ಮುಂದಿನ ಹೆಜ್ಜೆ ಯಾವುದು? ಅದು ಯಾರ ಕೈಯಲ್ಲಿದೆ? ಓದುಗ ಏನು ಮಾಡಬಹುದು? ಕೊನೆಯದಕ್ಕೆ "ಏನೂ ಇಲ್ಲ, ಕಾಯಬೇಕು" ಎಂಬುದೂ ಉತ್ತರವೇ.

"ಮಾನ್ಯ", "ಜನಪ್ರಿಯ", "ಅಭಿವೃದ್ಧಿಯ ಹರಿಕಾರ" ಪದಗಳನ್ನು ತೆಗೆಯಿರಿ. ಪತ್ರ ಶಾಸಕರ ಹೆಸರಿನಲ್ಲೇ ಹೋಗುತ್ತದೆ, ಅವರು ತಮ್ಮನ್ನು ತಾವೇ ಹರಿಕಾರ ಎಂದು ಕರೆದುಕೊಂಡಂತೆ ಆಗುತ್ತದೆ. "ಮಾಡಲಾಗಿದೆ", "ಸೂಚಿಸಲಾಗಿದೆ" ಎಂಬ ಕರ್ಮಣಿ ಪ್ರಯೋಗ ಕಂಡಲ್ಲೆಲ್ಲ ಯಾರು ಮಾಡಿದರು, ಯಾರಿಗೆ ಸೂಚಿಸಿದರು ಎಂದು ಕೇಳಿಕೊಳ್ಳಿ. ಅರ್ಧಕ್ಕರ್ಧ ಸಾಲುಗಳಿಗೆ ಉತ್ತರ ಸಿಗುವುದಿಲ್ಲ, ಅವನ್ನು ಹೊಡೆದುಹಾಕಬಹುದು.

ಕರಡನ್ನು ಗಟ್ಟಿಯಾಗಿ ಓದಿಸಿ, ಕಚೇರಿಯ ಹೊರಗಿನವರಿಂದ. ನಾವು ಕಚೇರಿ ಎದುರಿನ ಚಹಾ ಅಂಗಡಿಯವರಿಗೆ ಕೊಡುತ್ತಿದ್ದೆವು. ಅವರು ಎಡವಿದ ಪದವನ್ನು ಬದಲಿಸುವುದು ನಿಯಮವಾಗಿತ್ತು. "ಪರ್ಯಾಲೋಚನೆ" ಎಂಬ ಪದ ಹಾಗೆ ಬಿದ್ದುಹೋಯಿತು. ಗಡಿ ತಾಲ್ಲೂಕುಗಳಲ್ಲಿ ಮರಾಠಿ, ತೆಲುಗು, ಉರ್ದು ಓದುವವರಿಗೂ ಪ್ರತಿ ಬೇಕಾಗುತ್ತದೆ. ಆಗ ಅನುವಾದಕರಿಗೂ ಮೆಟ್ಟಿಲುಗಳ ಪಟ್ಟಿ ಕೊಡಿ. ಕನ್ನಡದಲ್ಲಿ "ಮಂಡನೆ" ಇದ್ದದ್ದು ಅಲ್ಲಿ "ಪಾಸ್" ಆಗಿಬಿಟ್ಟರೆ ಒಂದೇ ಕ್ಷೇತ್ರದಲ್ಲಿ ಎರಡು ಸುದ್ದಿ ಹರಡುತ್ತದೆ.

ಹಂತ 7: ಹೊರಡುವ ಮೊದಲಿನ ತಪಾಸಣೆ

ಸದನದ ಹಕ್ಕುಚ್ಯುತಿಯ, ಅಂದರೆ ಸದನದ ವಿಶೇಷ ಹಕ್ಕಿಗೆ ಧಕ್ಕೆ ತಂದ ಆರೋಪದ, ಅಪಾಯ ಮೊದಲನೆಯದು. ಸಭಾಧ್ಯಕ್ಷರು ಕಡತದಿಂದ ತೆಗೆಸಿದ ಮಾತುಗಳನ್ನು ಪತ್ರದಲ್ಲಿ ಹಾಕುವಂತಿಲ್ಲ, ಶಾಸಕರು ಅದೇ ಮಾತಿಗೆ ಚಪ್ಪಾಳೆ ಗಿಟ್ಟಿಸಿದ್ದರೂ. ಬಿಹಾರದ ಸರ್ಚ್‌ಲೈಟ್ ಪತ್ರಿಕೆ ಕಡತದಿಂದ ತೆಗೆದ ಮಾತುಗಳನ್ನು ಪ್ರಕಟಿಸಿ ಹಕ್ಕುಚ್ಯುತಿ ಎದುರಿಸಿದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1958ರಲ್ಲೇ ಸದನದ ಪರ ತೀರ್ಪು ಕೊಟ್ಟಿದೆ. ಶಾಸಕರು ಸದಸ್ಯರಾಗಿರುವ ಸಮಿತಿಯ ವರದಿ ಸದನದಲ್ಲಿ ಮಂಡನೆಯಾಗುವ ಮೊದಲು ಅದರ ಒಳವಿವರವನ್ನೂ ಬರೆಯಬೇಡಿ. ಸದನದೊಳಗಿನ ಮಾತಿಗೆ ಸಂವಿಧಾನದ 194ನೇ ವಿಧಿಯ ರಕ್ಷಣೆ ಇದೆ. ಅದೇ ಆರೋಪವನ್ನು ಕರಪತ್ರದಲ್ಲಿ ಅಚ್ಚು ಹಾಕಿಸಿ ಹಂಚಿದಾಗ ಆ ರಕ್ಷಣೆ ಜೊತೆಗೆ ಬರುತ್ತದೆ ಎಂದುಕೊಳ್ಳಬೇಡಿ.

ಎರಡನೆಯದು ಜನರ ಖಾಸಗಿ ವಿವರ. ಬಗರ್‌ಹುಕುಂ ಸಮಿತಿಯ ಅಧ್ಯಕ್ಷರು ಶಾಸಕರೇ ಆಗಿರುವುದರಿಂದ ಅರ್ಜಿದಾರರ ಪಟ್ಟಿ ಕಚೇರಿಯಲ್ಲಿ ಓಡಾಡುತ್ತಿರುತ್ತದೆ. ವೈದ್ಯಕೀಯ ನೆರವು ಕೇಳಿ ಬಂದವರ ಪಟ್ಟಿಯೂ ಇರುತ್ತದೆ. ಇವುಗಳ ಹೆಸರು, ಕಾಯಿಲೆ, ಆಧಾರ್ ಸಂಖ್ಯೆ, ಸರ್ವೆ ನಂಬರ್ ಪತ್ರಕ್ಕೆ ಬರಬಾರದು. ಚೆಕ್ ಹಿಡಿದು ನಿಂತ ರೋಗಿಯ ಚಿತ್ರವಂತೂ ಬೇಡವೇ ಬೇಡ. "ಇಷ್ಟು ಅರ್ಜಿ ಬಂದವು, ಇಷ್ಟು ಇತ್ಯರ್ಥವಾದವು, ಇಷ್ಟು ತಿರಸ್ಕೃತವಾದವು, ಮುಖ್ಯ ಕಾರಣ ಇದು" ಎಂದರೆ ಸಾಕು.

ಮೂರನೆಯದು ಮಾದರಿ ನೀತಿ ಸಂಹಿತೆ. ವಿಧಾನಸಭೆಯದೇ ಆಗಬೇಕೆಂದಿಲ್ಲ, ಪಂಚಾಯಿತಿಯದೋ ಪರಿಷತ್ತಿನದೋ ಚುನಾವಣೆ ಘೋಷಣೆಯಾಗಿದ್ದರೆ ಪತ್ರವನ್ನು ತಡೆದಿಡಿ, ನಿಮ್ಮ ಪ್ರದೇಶಕ್ಕೆ ಅದು ಅನ್ವಯವೇ ಎಂದು ತಹಶೀಲ್ದಾರರ ಕಚೇರಿಯಿಂದ ಲಿಖಿತವಾಗಿ ತಿಳಿದುಕೊಳ್ಳಿ. ಎಂದಿಗೂ ಮುದ್ರಕರ ಮತ್ತು ಪ್ರಕಾಶಕರ ಹೆಸರು, ವಿಳಾಸವಿಲ್ಲದ ಹಾಳೆ ಹೊರಡಿಸಬೇಡಿ. ಪಕ್ಷದ ಚಿಹ್ನೆಯೂ ಬೇಡ, ಇದು ಮತ ಹಾಕದವರಿಗೂ ಹೋಗುವ ಪತ್ರ.

ಹಂತ 8: ತಲುಪಿಸುವುದು ಮತ್ತು ಮರುಪ್ರಶ್ನೆ

ವಾಟ್ಸ್‌ಆ್ಯಪ್ ಗುಂಪಿಗೆ ಹಾಕಿದರೆ ಮುಗಿಯಿತು ಎಂದುಕೊಳ್ಳುವವರು ಹೆಚ್ಚು. ಅಲ್ಲಿರುವವರು ಹೇಗೂ ನಿಮ್ಮವರೇ. ಗ್ರಾಮ ಪಂಚಾಯಿತಿ ಸೂಚನಾ ಫಲಕ, ಗ್ರಂಥಾಲಯ, ನ್ಯಾಯಬೆಲೆ ಅಂಗಡಿ, ಹಾಲಿನ ಡೇರಿ ಇವುಗಳಿಗೆ ಅಚ್ಚಾದ ಪ್ರತಿ ಹೋಗಬೇಕು. ಡೇರಿ ಎಲ್ಲಕ್ಕಿಂತ ಉತ್ತಮ: ದಿನಕ್ಕೆರಡು ಸಲ ಜನ ಸಾಲಿನಲ್ಲಿ ನಿಲ್ಲುತ್ತಾರೆ, ಓದಲು ಬೇರೆ ಏನೂ ಇರುವುದಿಲ್ಲ. ಮೊಬೈಲಿಗೆ ಕಳುಹಿಸುವಾಗ ಚಿತ್ರದ ಜೊತೆಗೆ ಪಠ್ಯವನ್ನೂ ಕಳುಹಿಸಿ. ಚಿತ್ರದೊಳಗಿನ ಅಕ್ಷರವನ್ನು ಹುಡುಕಲೂ ಆಗದು, ಕಣ್ಣು ಮಂಜಾದವರಿಗೆ ಮೊಬೈಲ್ ಓದಿ ಹೇಳುವುದೂ ಕಷ್ಟ.

ಪತ್ರ ಹೊರಟ ಮೇಲಿನ ಹದಿನೈದು ದಿನ ಬರುವ ಪ್ರಶ್ನೆಗಳನ್ನು ವಹಿಯಲ್ಲಿ ಬೇರೆ ಪುಟ ಮಾಡಿ ಬರೆದಿಡಿ. ಒಂದೇ ಸಾಲಿನ ಬಗ್ಗೆ ಮೂವರು ಕೇಳಿದರೆ ಆ ಸಾಲು ತಪ್ಪಾಗಿ ಬರೆದಿದ್ದೀರಿ ಎಂದು ತಿಳಿಯಿರಿ. ತಪ್ಪು ಸಿಕ್ಕರೆ ತಿದ್ದುಪಡಿಯನ್ನು ಪತ್ರ ಅಂಟಿಸಿದ ಅದೇ ಫಲಕಗಳಲ್ಲಿ ಅಂಟಿಸಿ. ಸೇತುವೆಯ ತಪ್ಪಿಗೆ ನಾನು ಹಾಗೆ ಮಾಡಿದ್ದು ಎರಡು ತಿಂಗಳು ತಡವಾಗಿ. ಆ ಊರಿನ ಡೇರಿಯಲ್ಲಿ ತಿದ್ದುಪಡಿ ಓದಿದ ಹಿರಿಯರೊಬ್ಬರು "ಇದನ್ನು ಮಳೆಗೆ ಮುಂಚೆ ಹಾಕಬೇಕಿತ್ತು ಮಾರಾಯರೇ" ಎಂದರು. ಮುಂದಿನ ಪತ್ರದ ಮೊದಲ ಸಾಲನ್ನು ಆ ಸೇತುವೆಯಿಂದಲೇ ಆರಂಭಿಸಿದೆವು: ಟೆಂಡರ್ ತೆರೆದಿದೆ, ಕಾರ್ಯಾದೇಶ ಕೊಟ್ಟಿಲ್ಲ.